ಭಾನುವಾರವೂ ಬಿಡುವಿಲ್ಲದ ವಕೀಲಿಕೆ

ಪ್ರಶ್ನೆ: ಹಾಸನದಲ್ಲಿ ಹಿರಿಯ ವಕೀಲರೊಬ್ಬರ ಬಳಿ ಜೂನಿಯರ್ ಆಗಿದ್ದೇನೆ. ಹಗಲು ಕಲಾಪ, ರಾತ್ರಿಯವರೆಗೆ ಕಛೇರಿ, ಭಾನುವಾರ ಕಕ್ಷಿದಾರರ ಫೋನ್. ಈಚೆಗೆ ಕಡತ ಬಿಚ್ಚಿದರೆ ಒಂದೇ ಪುಟವನ್ನು ಮತ್ತೆ ಮತ್ತೆ ಓದುತ್ತೇನೆ, ಕಕ್ಷಿದಾರರ ಗೋಳು ಕೇಳಿದರೆ ಸಿಡುಕು ಬರುತ್ತದೆ. ನಾನು ಈ ವೃತ್ತಿಗೆ ಲಾಯಕ್ಕಲ್ಲವೇ?
– ಓದುಗರೊಬ್ಬರು, ಹಾಸನ

ಉತ್ತರ: ವಿಪರೀತ ದಣಿವು, ಕೆಲಸದ ಬಗ್ಗೆ ಜಿಗುಪ್ಸೆ, ತನ್ನಿಂದಾಗದೆಂಬ ಭಾವ, ಈ ಮೂರನ್ನು ವಿಶ್ವ ಆರೋಗ್ಯ ಸಂಸ್ಥೆಯು ‘ಬರ್ನ್‌ಔಟ್’ ಎಂದು ವಿವರಿಸಿ, ಅದು ಕಾಯಿಲೆಯಲ್ಲ, ನಿಭಾಯಿಸಲಾಗದೆ ಉಳಿದ ದೀರ್ಘಕಾಲದ ಕೆಲಸದ ಒತ್ತಡದ ಫಲ ಎಂದಿದೆ. ಆದ್ದರಿಂದ ನಿಮ್ಮ ಯೋಗ್ಯತೆಯನ್ನು ಕಟಕಟೆಗೆ ಹತ್ತಿಸಬೇಡಿ.

ಮೊದಲು ಕಛೇರಿಯ ಡೈರಿಯನ್ನು ನೋಡಿ. ಸಿವಿಲ್ ದಾವೆಯಲ್ಲಿ ಲಿಖಿತ ಹೇಳಿಕೆ (ದಾವೆಗೆ ಪ್ರತಿವಾದಿ ಕೊಡುವ ಉತ್ತರ) ಸಲ್ಲಿಸಲು ಸಮನ್ಸ್ ಜಾರಿಯಾದಂದಿನಿಂದ 30 ದಿನಗಳ, ಕಾರಣ ದಾಖಲಿಸಿ ವಿಸ್ತರಿಸಿದರೆ 90 ದಿನಗಳವರೆಗಿನ ಅವಕಾಶವಿದ್ದರೂ, ಕರಡು ಸಿದ್ಧವಾಗುವುದು ವಾಯಿದೆಯ ಹಿಂದಿನ ರಾತ್ರಿಯೇ ಆದರೆ, ನಿಮ್ಮ ನಿದ್ದೆ ಕೆಡಿಸುತ್ತಿರುವುದು ಕಾನೂನಲ್ಲ, ಕಛೇರಿಯ ರೂಢಿ. ಯಾವ ಕರಡು ಯಾವ ವಾರ ಮುಗಿಯಬೇಕೆಂದು ಬರೆದುಕೊಂಡು, ನ್ಯಾಯಾಲಯದ ರಜೆಯ ದಿನ ನಿಮ್ಮ ಹಿರಿಯರೊಡನೆ ಮಾತನಾಡಿ. ‘ನಾವೂ ಹೀಗೆಯೇ ಕಲಿತೆವು’ ಎಂಬ ಉತ್ತರ ಬಂದೀತು. ಅದು ವಾದವಲ್ಲ, ಅಭ್ಯಾಸ. ಜೂನಿಯರ್‌ಗಳಿಗೆ ತಿಂಗಳಿಗೆ ನಗರದಲ್ಲಿ 20,000, ಗ್ರಾಮೀಣ ಭಾಗದಲ್ಲಿ 15,000 ರೂಪಾಯಿ ಕನಿಷ್ಠ ಸ್ಟೈಪೆಂಡ್ ನೀಡುವಂತೆ ಭಾರತೀಯ ವಕೀಲರ ಪರಿಷತ್ತು 2024ರಲ್ಲಿ ಶಿಫಾರಸು ಮಾಡಿರುವುದನ್ನೂ, ಅದು ಕಡ್ಡಾಯವಲ್ಲದಿದ್ದರೂ, ಅಲ್ಲಿಯೇ ಪ್ರಸ್ತಾಪಿಸಬಹುದು.

ಕಕ್ಷಿದಾರರಿಗೆ ಫೋನಿನ ಸಮಯ ಗೊತ್ತುಮಾಡಿ. ನಿದ್ದೆ, ಹಸಿವು ಎರಡು ವಾರ ಕಳೆದರೂ ಸರಿಹೋಗದಿದ್ದರೆ ಮನೋವೈದ್ಯರನ್ನು ಕಾಣಿ. ಅಲ್ಲಿಯವರೆಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416 ಹಗಲಿರುಳೂ ಉಚಿತವಾಗಿ, ಕನ್ನಡದಲ್ಲಿಯೇ ದೊರೆಯುತ್ತದೆ.