ಮೆಕ್ಕೆಜೋಳದ ಗೋಡೆಯೂ ಬಲಗೈ ಸೂತ್ರವೂ

ಪ್ರಶ್ನೆ: ಅಕ್ಟೋಬರ್‌ನಲ್ಲಿ ಅಮೆರಿಕದಲ್ಲಿರುವ ಮಗಳ ಮನೆಗೆ ಹೋಗುತ್ತಿದ್ದೇನೆ. ಮೊಮ್ಮಕ್ಕಳು ನನ್ನನ್ನು ಕಾರ್ನ್ ಮೇಜ್‌ಗೆ, ಅಂದರೆ ಮೆಕ್ಕೆಜೋಳದ ಹೊಲದಲ್ಲಿ ದಾರಿ ತಪ್ಪಿಸಲೆಂದೇ ಬಿಡಿಸಿದ ಚಕ್ರವ್ಯೂಹಕ್ಕೆ, ಕರೆದುಕೊಂಡು ಹೋಗುತ್ತಾರಂತೆ. ಬಲಗೈಯನ್ನು ಗೋಡೆಗೆ ತಾಗಿಸಿಕೊಂಡೇ ನಡೆದರೆ ಹೊರಗೆ ಬಂದೇ ಬರುತ್ತೇವೆ ಎನ್ನುತ್ತಾರೆ ಅಳಿಯ. ನಂಬಬಹುದೇ? ಅಭಿಮನ್ಯುವಿನ ಪಾಡು ನನಗೆ ಬೇಡಪ್ಪ!

ಉತ್ತರ: ಅಭಿಮನ್ಯುವನ್ನು ಸುತ್ತುವರಿದವರು ಮಹಾರಥಿಗಳು. ನಿಮ್ಮ ಸುತ್ತ ಇರೋದು ಬರೀ ಜೋಳ. ಧೈರ್ಯವಾಗಿ ಹೋಗಿ.

ಅಳಿಯಂದಿರು ಹೇಳಿದ್ದು ಅರ್ಧ ಸರಿ. ಒಳಹೋಗುವ, ಹೊರಬರುವ ಬಾಗಿಲುಗಳೆರಡೂ ಹೊಲದ ಅಂಚಿನಲ್ಲೇ ಇದ್ದು, ನೀವು ಮೊದಲ ಹೆಜ್ಜೆಯಿಂದಲೇ ಕೈ ತಾಗಿಸಿ ನಡೆದರೆ ಖಂಡಿತ ಹೊರಗೆ ಬರುತ್ತೀರಿ. ಎಡಗೈಯಾದರೂ ನಡೆಯುತ್ತದೆ, ನಡುವೆ ಬದಲಿಸಬಾರದು ಅಷ್ಟೆ. ಆದರೆ ಹೆಚ್ಚಿನವರಿಗೆ ಈ ಸೂತ್ರ ನೆನಪಾಗೋದೇ ದಾರಿ ತಪ್ಪಿದ ಮೇಲೆ. ಆಗ ಕೈ ತಾಗುವುದು ಹೊರಗಿನ ಗೋಡೆಗೆ ಸೇರದ, ನಡುಗಡ್ಡೆಯಂತೆ ನಿಂತ ಜೋಳದ ತುಂಡಿಗೂ ಇರಬಹುದು. ಅದರ ಸುತ್ತಲೇ ಪ್ರದಕ್ಷಿಣೆ ನಡೆಯುತ್ತದೆ. ಅದೇ ಬಾಗಿದ ದಂಟು ಮತ್ತೆ ಕಂಡಿತೋ, ಎದುರಿನ ಗೋಡೆಗೆ ದಾಟಿ ಅಲ್ಲಿಂದ ಹೊಸದಾಗಿ ಶುರುಮಾಡಿ.

ಮಕ್ಕಳಿಗೆ ಬೇಕಾದ್ದು ಒಳಗಿನ ಸೇತುವೆಯೋ, ಅಲ್ಲಿಗೆ ತಲುಪಿದ ಗುರುತಿಗೆ ಕಾರ್ಡಿಗೆ ತೂತು ಹಾಕುವ ಕಂಬವೋ ಆಗಿದ್ದರೂ ಇದೇ ಕಷ್ಟ. ಅದು ನಡುಗಡ್ಡೆಗೆ ಅಂಟಿಕೊಂಡಿದ್ದರೆ ಬಲಗೈ ಅಲ್ಲಿಗೆ ಒಯ್ಯುವುದೇ ಇಲ್ಲ. ಇಂಗ್ಲೆಂಡಿನ ಚೆವೆನಿಂಗ್‌ನಲ್ಲಿ 1820ರ ದಶಕದಲ್ಲಿ ಗಿಡದ ಬೇಲಿಯ ಮೇಜ್ ಒಂದನ್ನು ಈ ಸೂತ್ರವನ್ನು ಸೋಲಿಸಲೆಂದೇ ಹೀಗೆ ಮಾಡಿದರು.

ನನಗಂತೂ ಕೈಯ ಸೂತ್ರ ಬೇಜಾರು. ಸುಮ್ನೆ ಗೋಡೆ ಸವರಿಕೊಂಡು ಹೋಗೋದರಲ್ಲಿ ಏನು ಆಟ? ಫ್ರಾನ್ಸಿನ ಟ್ರೆಮೊ ಎಂಬುವರ ಉಪಾಯ ಇದಕ್ಕಿಂತ ಮೇಲು. ಗಣಿತಜ್ಞ ಎದ್ವಾರ್ ಲುಕಾ 1882ರಲ್ಲೇ ಅದನ್ನು ಅಚ್ಚು ಹಾಕಿಸಿದ್ದರು. ನಾನು ಮಾಡೋದು ಹೀಗೆ: ಕವಲಿನಿಂದ ಒಂದು ದಾರಿ ಹಿಡಿದಾಗ ಕೆಳಗೆ ಬಿದ್ದಿರುವ ಒಣ ಗರಿಯೊಂದನ್ನು ಮಡಚಿ, ಆ ದಾರಿಯ ಬಾಯಲ್ಲಿ ದಂಟಿನ ಬುಡಕ್ಕೆ ಒತ್ತಿ ಇಡುತ್ತೇನೆ. ನಡುವಿನಲ್ಲಿಟ್ಟರೆ ಹಿಂದಿನಿಂದ ಓಡಿಬರುವ ಮಕ್ಕಳ ಕಾಲಿಗೆ ಸಿಕ್ಕಿ ಹೋಗುತ್ತದೆ. ದಾರಿ ಮುಗಿದು ಇನ್ನೊಂದು ಕವಲಿಗೆ ಸೇರಿದರೆ ಆ ತುದಿಗೂ ಒಂದು ಗರಿ. ವಾಪಸ್ ಬಂದರೆ ಎರಡನೆಯದು. ಎರಡು ಗರಿ ಇರುವ ದಾರಿಗೆ ಮತ್ತೆ ಕಾಲಿಡುವ ಹಾಗಿಲ್ಲ. ಹೊಸ ದಾರಿಯಲ್ಲಿ ಬಂದು, ಆಗಲೇ ಗರಿ ಬಿದ್ದ ಕವಲಿಗೆ ಸೇರಿದರೆ ಬಂದ ದಾರಿಯಲ್ಲೇ ತಿರುಗಿ. ಗರಿ ಇಲ್ಲದ ದಾರಿ ಇದ್ದರೆ ಅದು ಮೊದಲು, ಇಲ್ಲದಿದ್ದರೆ ಒಂದೇ ಗರಿಯದ್ದು. ನಡುಗಡ್ಡೆಯೇ ಇರಲಿ, ಸೇತುವೆಯೇ ಇರಲಿ, ಇದು ಕೈಕೊಡುವುದಿಲ್ಲ. ಗರಿ ಇಡುವ ಕೆಲಸ ಚಿಕ್ಕ ಮೊಮ್ಮಗುವಿಗೆ ಕೊಡಿ. ದೊಡ್ಡವರಿಗಿಂತ ಚೆನ್ನಾಗಿ ಲೆಕ್ಕ ಇಡುತ್ತಾರೆ.

ತುಂಬು ತೋಳಿನ ಬಟ್ಟೆ ಹಾಕಿಕೊಳ್ಳಿ, ಗರಿಯ ಅಂಚು ಕೈ ಗೀರುತ್ತದೆ. ಮಳೆ ಬಂದ ಮರುದಿನ ಒಳ್ಳೆಯ ಚಪ್ಪಲಿ ಬೇಡವೇ ಬೇಡ.

ಪ್ರಶ್ನೆ: ಮೊಬೈಲ್ ಮ್ಯಾಪ್ ಇರುವಾಗ ಇಷ್ಟೆಲ್ಲ ಯಾಕೆ?

ಉತ್ತರ: ಮ್ಯಾಪಿನ ನೀಲಿ ಚುಕ್ಕೆ ನಾಲ್ಕೈದು ಮೀಟರ್ ಆಚೀಚೆ ಆಗುವುದು ಮಾಮೂಲು. ಜೋಳದ ನಡುವಿನ ದಾರಿಯೇ ಎರಡು ಮೀಟರ್ ಆಸುಪಾಸು. ನೀವು ಈ ದಾರಿಯಲ್ಲಿದ್ದೀರೋ ಪಕ್ಕದ್ದರಲ್ಲೋ ಅದಕ್ಕೇ ಗೊತ್ತಾಗದು. ದಿಕ್ಕು ನೋಡಲು ಸಾಕು, ಅದಕ್ಕೆ ಸೂರ್ಯನೂ ಸಾಕು.

ಪ್ರಶ್ನೆ: ಎದೆಯೆತ್ತರ ಬೆಳೆದ ಬೆಳೆಯನ್ನು ಆಟಕ್ಕೋಸ್ಕರ ಕಡಿಯೋದು ಅನ್ಯಾಯ ಅಲ್ವಾ? ನಮ್ಮದು ರೈತರ ಮನೆ, ಹೊಟ್ಟೆ ಉರಿಯುತ್ತದೆ.

ಉತ್ತರ: ಸಮಾಧಾನ! ಎದೆಯೆತ್ತರ ಬರುವ ತನಕ ಯಾರೂ ಕಾಯುವುದಿಲ್ಲ. ಸಾಮಾನ್ಯವಾಗಿ ಪೈರು ಮೊಣಕಾಲಿನಷ್ಟು ಬರುವ ಮೊದಲೇ ದಾರಿ ಬಿಡಿಸುತ್ತಾರೆ. ಈಗ ಅದಕ್ಕೆ ಹೆಚ್ಚಾಗಿ ಜಿಪಿಎಸ್ ಬಳಸುತ್ತಾರೆ. ಎಷ್ಟೋ ಕಡೆ ಬಿತ್ತನೆಯನ್ನೇ ಎರಡು ಸಲ ಮಾಡುತ್ತಾರೆ, ಒಮ್ಮೆ ಉದ್ದಕ್ಕೆ, ಒಮ್ಮೆ ಅಡ್ಡಕ್ಕೆ. ಒಂದೇ ಕಡೆ ಸಾಲು ಹೊಡೆದರೆ ಸಾಲಿನ ಸಂದಿಯಿಂದ ಆಚೆ ದಾರಿ ಕಾಣುತ್ತದಲ್ಲ, ಆಟವೇ ಕೆಟ್ಟುಹೋಗುತ್ತದೆ. ಅದು ಬಹುಪಾಲು ಕಡೆ ದನದ ಮೇವಿನ ಜೋಳ, ಸ್ವೀಟ್ ಕಾರ್ನ್ ಅಲ್ಲ. ಹಾಗಾಗಿ ತೆನೆ ಮುರಿಯಬೇಡಿ, ಬಾಯಿಗೆ ರುಚಿಯೂ ಇಲ್ಲ. ಸೀಸನ್ ಮುಗಿದ ಮೇಲೆ ಉಳಿದ ಬೆಳೆಯನ್ನು ಕಟಾವು ಮಾಡುತ್ತಾರೆ.

ಈಗಿನ ಮಾದರಿಯ ಕಾರ್ನ್ ಮೇಜ್ ಶುರುವಾಗಿದ್ದು 1993ರಲ್ಲಿ, ಪೆನ್ಸಿಲ್ವೇನಿಯಾದ ಆ್ಯನ್‌ವಿಲ್‌ನಲ್ಲಿ. ಡಾನ್ ಫ್ರಾಂಟ್ಸ್, ಏಡ್ರಿಯನ್ ಫಿಶರ್ ಇಬ್ಬರೂ ಸೇರಿ ಹೊಲದಲ್ಲಿ ಡೈನೊಸಾರ್ ಬಿಡಿಸಿದ್ದರು. ಆ ವರ್ಷ ಪ್ರವಾಹದಲ್ಲಿ ಬೆಳೆ ಕಳೆದುಕೊಂಡ ರೈತರಿಗೆ ಅದರಿಂದ ನೆರವೂ ಹೋಯಿತು.

ಪ್ರಶ್ನೆ: ಸಂಜೆ ಹೋದರೆ ಚೆನ್ನಾಗಿರುತ್ತದೆಯೇ?

ಉತ್ತರ: ಮಕ್ಕಳಿದ್ದರೆ ಬೇಡ. 2011ರಲ್ಲಿ ಮಸಾಚುಸೆಟ್ಸ್‌ನ ಡ್ಯಾನ್ವರ್ಸ್‌ನಲ್ಲಿ ಕೂಸನ್ನು ಎತ್ತಿಕೊಂಡು ಹೋದ ದಂಪತಿ ಕತ್ತಲಾದಾಗ ಗಾಬರಿಯಾಗಿ ಅಲ್ಲಿನ ತುರ್ತು ಸಂಖ್ಯೆ 911ಕ್ಕೆ ಫೋನ್ ಮಾಡಿದರು. ಪೊಲೀಸರು ನಾಯಿ ಸಮೇತ ಬಂದು ನೋಡಿದರೆ, ರಸ್ತೆ ಅಲ್ಲೇ ಕೆಲವು ಹೆಜ್ಜೆ ದೂರದಲ್ಲಿತ್ತು! ಬೆಳಗ್ಗೆ ಬಾಗಿಲು ತೆರೆಯುವಾಗಲೇ ಹೋಗಿ. ರಾತ್ರಿಯ ಮಜಾ ಬೇಕೇ ಬೇಕು ಅಂದರೆ ಅದೇ ಹೊಲವನ್ನು ಮೊದಲು ಹಗಲಲ್ಲಿ ಸುತ್ತಿ, ಆಮೇಲೆ ತಲೆಗೊಂದು ಟಾರ್ಚ್ ಹಿಡಿದು ಹೋಗಿ. ಅಕ್ಟೋಬರ್ ಕೊನೆಗೆ ಗರಿಗಳು ಒಣಗಿ ಜೋತುಬಿದ್ದು ಗೋಡೆ ತೆಳುವಾಗಿರುತ್ತದೆ. ಪಕ್ಕದ ದಾರಿಯವರ ಬೆಳಕು ಕಾಣುತ್ತದೆ, ಮಾತು ಕೇಳುತ್ತದೆ. ದಾರಿ ಕೇಳಿದರೆ ಹೇಳುತ್ತಾರೆ, ಹೆಚ್ಚಾಗಿ ತಪ್ಪಾಗಿ.