ಬಾರ್ಲಿ ಚರಟ ಬೆಳಗಾಗುವಷ್ಟರಲ್ಲಿ ಹುಳಿಯುವುದೇಕೆ?

ಪ್ರಶ್ನೆ: ಇಂದಿರಾನಗರದ ಬ್ರೂವರಿಯೊಂದರಿಂದ ಬಿಯರ್ ಮಾಡಿ ಉಳಿದ ಬಾರ್ಲಿ ಚರಟವನ್ನು ಐದು ಕಿಲೋ ತಂದಿದ್ದೆ. ಒಣಗಿಸಿ ಹಿಟ್ಟು ಮಾಡುವ ಆಸೆ. ಚೀಲದಲ್ಲೇ ಇಟ್ಟಿದ್ದೆ, ಬೆಳಿಗ್ಗೆ ಹುಳಿ ವಾಸನೆ. ತಪ್ಪಿದ್ದೆಲ್ಲಿ?
– ಓದುಗರು, ಬಸವೇಶ್ವರನಗರ

ಉತ್ತರ: ಚೀಲದಲ್ಲೇ ತಪ್ಪಿತು. ಮಾಲ್ಟ್ ಮಾಡಿದ, ಅಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯ ನುಚ್ಚನ್ನು ಸುಮಾರು 65 ಡಿಗ್ರಿ ಬಿಸಿನೀರಿನಲ್ಲಿ ಒಂದು ಗಂಟೆ ನೆನೆಸಿ, ಸಿಹಿರಸ ಇಳಿಸಿಕೊಂಡ ಮೇಲೆ ಉಳಿಯುವುದೇ ಈ ಚರಟ. ಅದರಲ್ಲಿ ಮುಕ್ಕಾಲು ಪಾಲು ನೀರು, ಜೊತೆಗೆ ಒಂದಿಷ್ಟು ಸಕ್ಕರೆ. ರಾಶಿಯ ಒಳಗಿನ ಬಿಸಿ ಬೇಗ ಆರುವುದಿಲ್ಲ. ಹುಳಿ ಬರಿಸುವ ಬ್ಯಾಕ್ಟೀರಿಯಾಕ್ಕೆ ಅದಕ್ಕಿಂತ ಹಿತವಾದ ಜಾಗ ಇನ್ನೊಂದಿಲ್ಲ. ಅದನ್ನು ಬಿಸಾಡಿ.

ಮುಂದಿನ ಸಲ ಒಂದೂವರೆ ಕಿಲೋ ಸಾಕು, ಮನೆಯ ಓವನ್‌ಗೆ ಅಷ್ಟೇ ಹಿಡಿಸುವುದು. ರಸ ಇಳಿಸಿದ ಕೂಡಲೇ ತೊಳೆದ ಸ್ಟೀಲ್ ಪಾತ್ರೆಗೆ ತುಂಬಿಸಿಕೊಳ್ಳಿ. ರಸ ಕುದಿಸುವ ಹಂಡೆಯ ತಳದ ಗಸಿ ಬೇಡ, ಅದರಲ್ಲಿ ಹಾಪ್ಸ್ ಎಂಬ, ಬಿಯರಿಗೆ ಹಾಕುವ ಹೂವಿನ ಕಹಿ ಇರುತ್ತದೆ. ಯಾವ ಬಿಯರಿನದೆಂದು ಕೇಳಿ: ಗೋಧಿ ಬಿಯರಿನ ಚರಟದಲ್ಲಿ ಹೊಟ್ಟು ಕಡಿಮೆ, ಹಿಟ್ಟು ನಯ. ಸ್ಟೌಟ್ ಎಂಬ ಕಪ್ಪು ಬಿಯರಿನದು ಕಾಫಿಪುಡಿಯಂತೆ ಕಪ್ಪು, ಕಹಿ. ಬಿಸ್ಕತ್ತಿಗೆ ಸರಿ, ಚಪಾತಿಗಲ್ಲ.

ಮನೆಗೆ ಬಂದೊಡನೆ ಬಟ್ಟೆಯಲ್ಲಿ ಗಟ್ಟಿಯಾಗಿ ಹಿಂಡಿ, ತಟ್ಟೆಯಲ್ಲಿ ಒಂದು ಸೆಂಟಿಮೀಟರ್ ದಪ್ಪ ಹರಡಿ. ಓವನ್ 100 ಡಿಗ್ರಿ. ಹಬೆ ಹೋಗಲು ಬಾಗಿಲ ಸಂದಿಗೆ ಮರದ ಸೌಟು ಸಿಕ್ಕಿಸಿ. ಅರ್ಧ ಗಂಟೆಗೊಮ್ಮೆ ಕೈಯಾಡಿಸಿ. ನಾಲ್ಕೈದು ಗಂಟೆ ಬೇಕು. ಅವಸರಕ್ಕೆ ಬಿಸಿ ಏರಿಸಿದರೆ ಮೇಲೆ ಸೀಯುತ್ತದೆ, ಒಳಗೆ ಹಸಿ. ಒಣಗಿತೇ ಎಂದು ತಕ್ಕಡಿಯನ್ನೇ ಕೇಳಿ: ಅರ್ಧ ಗಂಟೆ ಬಿಟ್ಟು ಎರಡು ಸಲ ತೂಗಿದಾಗ ತೂಕ ಇಳಿದಿರಬಾರದು. ಒಂದು ಕಿಲೋ ಹಸಿ ಚರಟಕ್ಕೆ 200ರಿಂದ 250 ಗ್ರಾಂ ಉಳಿಯುತ್ತದೆ. ಕಚ್ಚಿದರೆ ‘ಕಟ್’ ಎನ್ನಬೇಕು.

ತಾರಸಿಯ ಬಿಸಿಲು ಮಾರ್ಚ್–ಏಪ್ರಿಲ್‌ನಲ್ಲಿ ಪರವಾಗಿಲ್ಲ. ಜುಲೈ–ಆಗಸ್ಟ್‌ನ ಬೆಂಗಳೂರಿನ ಮೋಡವನ್ನು ನಂಬಬೇಡಿ. ಬೂಷ್ಟು ಕಂಡರೆ ಪೂರ್ತಿ ಎಸೆಯಿರಿ. ಅದರ ವಿಷ ಆಮೇಲೆ ಹುರಿದರೂ ಹೋಗುವುದಿಲ್ಲ.

ಪೂರ್ತಿ ಆರಿದ ಮೇಲೆ ಮಿಕ್ಸಿಗೆ ಹಾಕಿ, ಸಣ್ಣ ಕಣ್ಣಿನ ಜರಡಿ ಹಿಡಿಯಿರಿ. ಜರಡಿಯಲ್ಲಿ ನಿಲ್ಲುವ ಸಿಬಿರಿನಂಥ ಹೊಟ್ಟು ಗಂಟಲಿಗೆ ಚುಚ್ಚುತ್ತದೆ, ಅದು ಹಸುವಿಗಿರಲಿ. ಹಿಟ್ಟಿನಲ್ಲಿ ಎಣ್ಣೆಯಂಶವಿದೆ, ಹೊರಗಿಟ್ಟರೆ ಕಮಟು ಬರುತ್ತದೆ. ಡಬ್ಬಿ ಫ್ರಿಜ್‌ನಲ್ಲಿರಲಿ, ತಿಂಗಳೊಳಗೆ ಮುಗಿಸಿ.

ಪ್ರಶ್ನೆ: ಈ ಹಿಟ್ಟನ್ನು ಗೋಧಿ ಹಿಟ್ಟಿಗೆ ಅರ್ಧಕ್ಕರ್ಧ ಬೆರೆಸಿದೆ. ಚಪಾತಿ ಲಟ್ಟಿಸುವಾಗಲೇ ಹರಿಯುತ್ತದೆ.

ಉತ್ತರ: ಹರಿಯದೆ ಇನ್ನೇನು! ನಾರು ನೀರನ್ನೆಲ್ಲ ಹೀರಿಕೊಳ್ಳುತ್ತದೆ, ಅಂಟು ಕೊಡುವುದಿಲ್ಲ. 170 ಗ್ರಾಂ ಗೋಧಿ ಹಿಟ್ಟಿಗೆ 30 ಗ್ರಾಂ ಸಾಕು. ಆ 30 ಗ್ರಾಂ ಅನ್ನು ಮೊದಲು ಅರ್ಧ ಲೋಟ ಬಿಸಿನೀರಿನಲ್ಲಿ ಹತ್ತು ನಿಮಿಷ ನೆನೆಸಿ, ಆಮೇಲೆ ಗೋಧಿ ಹಿಟ್ಟಿಗೆ ಕಲಸಿ. ಎಂದಿಗಿಂತ ಮೆತ್ತಗಿರಲಿ, ಅರ್ಧ ಗಂಟೆ ಮುಚ್ಚಿಡಿ. ನಮ್ಮ ಮತ ಅಕ್ಕಿ ರೊಟ್ಟಿಗೆ: ತಟ್ಟುವ ರೊಟ್ಟಿ, ಈರುಳ್ಳಿ, ಸಬ್ಬಸಿಗೆ ಸೊಪ್ಪಿನ ನಡುವೆ ಒರಟುತನ ಗೊತ್ತೇ ಆಗುವುದಿಲ್ಲ.

ಪ್ರಶ್ನೆ: ಇದರಲ್ಲಿ ಮದ್ಯದ ಅಂಶವಿದೆಯೇ? ಅಮ್ಮನಿಗೆ ಸಕ್ಕರೆ ಕಾಯಿಲೆ, ಕೊಡಬಹುದೇ?

ಉತ್ತರ: ಮದ್ಯದ ಅಂಶ ಇಲ್ಲ. ಮದ್ಯ ಹುಟ್ಟಿಸುವ ಯೀಸ್ಟ್ ಹಾಕುವುದು ರಸಕ್ಕೆ, ಅದೂ ಚರಟ ಬೇರೆಯಾದ ಮೇಲೆ. ಒಣಹಿಟ್ಟಿನಲ್ಲಿ ಹೆಚ್ಚುಕಡಿಮೆ ಅರ್ಧ ನಾರು, ಐದನೇ ಒಂದು ಪಾಲು ಪ್ರೋಟೀನ್; ಪಿಷ್ಟ ಬಹುಪಾಲು ರಸದೊಂದಿಗೆ ಹೋಗಿರುತ್ತದೆ. ಅಮ್ಮನಿಗೆ ದಿನಕ್ಕೆ ಒಂದು ಚಮಚದಿಂದ ಶುರುಮಾಡಿ, ಇಲ್ಲದಿದ್ದರೆ ಹೊಟ್ಟೆಯುಬ್ಬರ. ಇದು ಔಷಧಿಗೆ ಬದಲಿಯಲ್ಲ. ಬಾರ್ಲಿಯಲ್ಲಿ ಗ್ಲುಟೆನ್ ಎಂಬ ಪ್ರೋಟೀನ್ ಇದೆ. ಅದು ಆಗದವರಿಗೆ ಇದನ್ನು ರಾಗಿ ರೊಟ್ಟಿಯಲ್ಲಿ ಬೆರೆಸಿಯೂ ಕೊಡಬೇಡಿ.