ಡಿಸೆಂಬರ್‌ನಲ್ಲಿ ಉತ್ತರಾಖಂಡದ ಕೇದಾರಕಂಠ ಟ್ರೆಕ್‌ಗೆ ಬೆಂಗಳೂರಿಂದ ಯಾವ ಹಗುರ ಸ್ಲೀಪಿಂಗ್ ಬ್ಯಾಗ್ ಒಯ್ಯಬೇಕು?

ಬ್ಯಾಗ್ ಆಮೇಲೆ, ಮೊದಲು ಕೆಳಗೆ ಹಾಸುವ ಮ್ಯಾಟ್ ನೋಡಿ. ನೀವು ಮಲಗಿದಾಗ ಬೆನ್ನಡಿಯ ಬ್ಯಾಗ್ ಅಪ್ಪಚ್ಚಿಯಾಗಿ ಒಳಗಿನ ಗಾಳಿ ಹೊರಟುಹೋಗುತ್ತದೆ. ಬೆಚ್ಚಗಿಡುವುದೇ ಆ ಗಾಳಿ ಅಲ್ವಾ? ಹಾಗಾಗಿ ಎಷ್ಟೇ ದುಬಾರಿ ಬ್ಯಾಗ್ ಇದ್ದರೂ ನೆಲದ ಥಂಡಿ ನೇರ ಸೊಂಟಕ್ಕೆ ಏರುತ್ತದೆ.

ಮ್ಯಾಟ್‌ನ ಆರ್-ವ್ಯಾಲ್ಯೂ, ಅಂದರೆ ಥಂಡಿ ತಡೆಯುವ ಶಕ್ತಿಯ ಅಂಕಿ, ಕೇಳಿ. ಹಿಮದ ಮೇಲೆ 4-5 ಇರಲಿ. ಸುಮಾರು 400 ಗ್ರಾಂ ತೂಗುವ ಮಡಚುವ ಫೋಮ್ ಮ್ಯಾಟ್‌ಗೆ 2ರ ಆಸುಪಾಸು ಇರುತ್ತದೆ. ಅದರ ಮೇಲೆ ಗಾಳಿ ತುಂಬುವ ಮ್ಯಾಟ್ ಹಾಸಿದರೆ ಎರಡರ ಅಂಕಿ ಕೂಡುತ್ತದೆ. ಒಮ್ಮೆ ನನ್ನ ಗಾಳಿ ಮ್ಯಾಟ್ ನಡುರಾತ್ರಿ ತೂತಾಗಿ ಪುಸ್ಸೆಂದಿತು. ಕಾಪಾಡಿದ್ದು ಫೋಮೇ.

ಬ್ಯಾಗ್ ಲೇಬಲ್‌ನಲ್ಲಿ ಕಂಫರ್ಟ್, ಲಿಮಿಟ್, ಎಕ್ಸ್‌ಟ್ರೀಮ್ ಅಂತ ಮೂರು ಡಿಗ್ರಿ ಅಂಕಿ ಇರುತ್ತವೆ. ಆರಾಮಾಗಿ ನಿದ್ದೆ ಬರುವ ಲೆಕ್ಕವಾದ ಕಂಫರ್ಟ್ ಮಾತ್ರ ನೋಡಿ. ಎಕ್ಸ್‌ಟ್ರೀಮ್ ಅಂದರೆ ಜೀವ ಉಳಿಯುವ ಲೆಕ್ಕ, ನಿದ್ದೆಯದ್ದಲ್ಲ. ಅಲ್ಲಿಗೆ ಮೈನಸ್ 10 ಕಂಫರ್ಟ್ ಇದ್ದರೆ ಒಳ್ಳೆಯದು. ಅಷ್ಟೇ ಬಿಸುಪಿಗೆ ಡೌನ್ (ಹಕ್ಕಿಯ ಮೆತ್ತನೆ ಪುಕ್ಕ ತುಂಬಿದ) ಬ್ಯಾಗ್ ಸಿಂಥೆಟಿಕ್‌ಗಿಂತ ಹಗುರ. ಆದರೆ ಒದ್ದೆಯಾದರೆ ಮುದ್ದೆ, ಹಾಗಾಗಿ ದಪ್ಪ ಪ್ಲಾಸ್ಟಿಕ್ ಕವರ್‌ನಲ್ಲಿ ಸುತ್ತಿಟ್ಟುಕೊಳ್ಳಿ. ಮನೆಯಲ್ಲಿ ಮಾತ್ರ ಒತ್ತಿ ತುರುಕಿಡಬೇಡಿ, ಹಳೇ ದಿಂಬಿನ ಕವರ್‌ನಲ್ಲಿ ಸಡಿಲವಾಗಿಡಿ.

ಒಂದೇ ಟ್ರೆಕ್ಕಾದರೆ ಸುಮ್ನೆ ಕೊಳ್ಳಬೇಡಿ, ಬೆಂಗಳೂರಲ್ಲೇ ಬಾಡಿಗೆಗೆ ಸಿಗುತ್ತದೆ. ಜಿಪ್ ಪೂರ್ತಿ ಎಳೆದು ನೋಡಿ ತನ್ನಿ. ಟೆರೇಸ್ ಮೇಲೆ ಮಲಗಿ ಪರೀಕ್ಷೆ ಮಾಡಿದರೆ ಏನೂ ಗೊತ್ತಾಗದು, ನಾವು 15 ಡಿಗ್ರಿಗೇ ಮಂಕಿ ಟೋಪಿ ಹಾಕುವವರು!